ಸೂಜಿಯಿಂದ ಬರೆದ ಆತ್ಮವೃತ್ತ

ಇತಿಹಾಸಕ್ಕೆ ಆಧಾರಗಳೆಂದೊಡನೆಯೇ ಶಾಸನ, ತಾಮ್ರಪಟ, ಸರಕಾರದ ಕಡತಗಳು ನಮ್ಮ ನೆನಪಿಗೆ ಬರುವುವು. ಅವುಗಳಲ್ಲಿ ಅರಸರ, ದಾನಿಗಳ, ಒಡೆಯರ ಹೆಸರುಗಳುಂಟು. ಅವರ ಮನೆಗಳಲ್ಲಿ ದುಡಿದ ಆಳುಮಕ್ಕಳ ಮಾತು ಬಲು ವಿರಳ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ನಾರುಬಟ್ಟೆಯು ಈ ಕೊರತೆಯನ್ನು ಕಿಂಚಿತ್ತಾದರೂ ತುಂಬತಕ್ಕುದಾಗಿದೆ.

ಆಂಗ್ಲರು ‘ಸ್ಯಾಂಪ್ಲರ್’ ಎನ್ನುವ ಮಾದರಿವಸ್ತ್ರವು ಮೊದಮೊದಲು ಹೊಲಿಗೆಯ ಬಗೆಗಳನ್ನು ಮರೆಯದಂತೆ ಕೂಡಿಡುವ ಸಾಧನವಾಗಿದ್ದಿತು. ಇಸವಿಯನ್ನು ಹೊಲಿದಿರುವ ಆಂಗ್ಲ ಮಾದರಿಗಳಲ್ಲಿ 1598ರ ಜೇನ್ ಬೋಸ್ಟಾಕ್ ಎಂಬಾಕೆಯದೇ ಅತ್ಯಂತ ಹಳೆಯದೆಂದು ಗಣಿತವಾಗಿದೆ. ಕಾಲಕ್ರಮದಲ್ಲಿ ಅದು ಬಾಲಿಕೆಯರ ಪಾಠವಾಯಿತು. ನಮ್ಮ ಕಸೂತಿಯ ಮೆಂತೆಯನ್ನು ಹೋಲುವ ಅಡ್ಡಹೊಲಿಗೆಯಲ್ಲಿ ಅವರು ಅಕ್ಷರಗಳನ್ನೂ ಅಂಕಿಗಳನ್ನೂ ಕಲಿಯುತ್ತಿದ್ದರು. ಬಡವರ ಹೆಣ್ಣುಮಕ್ಕಳಿಗೆ ಈ ವಿದ್ಯೆಯಿಂದ ಒಂದು ಪ್ರಯೋಜನವಿದ್ದಿತು: ಸಿರಿವಂತರ ಮನೆಯಲ್ಲಿ ಊಳಿಗಕ್ಕೆ ಸೇರಿದಾಗ ಒಡೆಯರ ಬಟ್ಟೆಬರೆಗಳಿಗೆ ಗುರುತಿನ ಅಕ್ಷರ ಹಾಕಲು ಅದು ಬೇಕಾಗುತ್ತಿದ್ದಿತು.

ಎಲಿಜಬೆತ್ ಪಾರ್ಕರ್ ಇಂತಹ ಹುಡುಗಿ. ಸಸೆಕ್ಸ್ ಪ್ರಾಂತದ ಆಶ್‌ಬರ್ನ್‌ಹ್ಯಾಮ್ ಗ್ರಾಮದಲ್ಲಿ 1813ರಲ್ಲಿ ಹುಟ್ಟಿದಳು. ತಂದೆ ಕೂಲಿಕಾರ; ತಾಯಿ ಧರ್ಮಾರ್ಥ ಪಾಠಶಾಲೆಯೊಂದನ್ನು ನಡೆಯಿಸುತ್ತಿದ್ದಳು. ಹದಿಮೂರನೆಯ ವಯಸ್ಸಿಗೇ ಊಳಿಗಕ್ಕೆ ಹೋಗಬೇಕಾಯಿತು. ಒಂದು ಮನೆಯ ಯಜಮಾನನು ಆಕೆಯ ಮಾನಕ್ಕೆ ಕೈಯಿಕ್ಕಲೆಳಸಿದನು. ಒಪ್ಪದಿದ್ದುದಕ್ಕೆ ಮೆಟ್ಟಿಲ ಮೇಲಿಂದ ಆಕೆಯನ್ನು ಕೆಳಕ್ಕೆ ನೂಕಲಾಯಿತು. ಅನಂತರ ಮನಸ್ಸು ಕದಡಿ, ಪ್ರಾಣವನ್ನೇ ನೀಗಿಕೊಳ್ಳುವ ಯೋಚನೆಯೂ ಬಂದಿತು. ಇದನ್ನೆಲ್ಲ ಆಕೆ ಸುಮಾರು 1830ರಲ್ಲಿ, 34 ಅಂಗುಲ ಉದ್ದ, 29 ಅಂಗುಲ ಅಗಲದ ಬಟ್ಟೆಯ ಮೇಲೆ ಕೆಂಪು ರೇಶ್ಮೆಯ ನೂಲಿನಿಂದ ಹೊಲಿದಿದ್ದಾಳೆ. ಅಲಂಕಾರದ ಹೂವಿಲ್ಲ, ಬಳ್ಳಿಯಿಲ್ಲ, ಅಂಚಿಲ್ಲ; ಸಾಲಿನ ಕೆಳಗೆ ಸಾಲು, ಬರಿಯ ಮಾತು.

ತನಗೆ ಬರೆಯಲು ಬಾರದುದರಿಂದ ಹೀಗೆ ಹೇಳಿಕೊಳ್ಳುತ್ತಿರುವೆನೆಂಬುದೇ ಆಕೆಯ ಮೊದಲ ಮಾತು. ಇದನ್ನು ನಿಂತು ಯೋಚಿಸಬೇಕು. ಅಂದಿನ ಬಡಮಕ್ಕಳ ಶಾಲೆಗಳಲ್ಲಿ ಮೊದಲು ಓದು. ಲೇಖನಿಯ ಪಾಠ ಆ ಮೇಲೆ. ಹೆಣ್ಣುಮಕ್ಕಳಲ್ಲಿ ಹಲವರಿಗೆ ಅದು ದಕ್ಕುತ್ತಲೇ ಇರಲಿಲ್ಲ. ಹೀಗೆ ಒಡೆಯರ ವಸ್ತ್ರಗಳಿಗೆ ಗುರುತು ಹಾಕಲೆಂದು ಕಲಿಸಿದ ವಿದ್ಯೆಯೇ ಒಡೆಯನ ಅಪರಾಧಕ್ಕೆ ಸಾಕ್ಷ್ಯವಾಯಿತು. ಆದರೂ ಆತನ ಪೂರ್ಣನಾಮವನ್ನು ಆಕೆ ಹೊಲಿಯಲಿಲ್ಲ. ‘ಲೆಫ್ಟಿನೆಂಟ್ ಜಿ’ ಎಂದಷ್ಟೇ ಇರುವುದು. ಭಯವಿರಬಹುದು, ಕ್ಷಮೆಯಿರಬಹುದು, ಫಲ ಮಾತ್ರ ಒಂದೇ: ಇತಿಹಾಸದಲ್ಲಿ ಒಡೆಯನು ಒಂದಕ್ಷರವಾಗಿ ಕುಗ್ಗಿ, ಊಳಿಗದವಳು ಪೂರ್ಣನಾಮದಿಂದ ಉಳಿದಿರುವಳು.

ತನ್ನ ಆತ್ಮದ ಗತಿ ಏನಾದೀತೆಂಬ ಮಾತಿನ ನಡುವೆಯೇ ಹೊಲಿಗೆ ನಿಂತುಹೋಗಿದೆ. ಕೆಳಗೆ ಬಟ್ಟೆ ಬರಿದು. ಇದನ್ನು ಕಂಡವರು ಆಕೆಯ ಬಾಳೂ ಅಲ್ಲಿಗೇ ಮುಗಿಯಿತೆಂದು ಶಂಕಿಸಿದರೆ ಆಶ್ಚರ್ಯವಿಲ್ಲ. ಆದರೆ ಸಂಶೋಧಕರು ಕಂಡುಕೊಂಡುದು ಬೇರೆ. ಆಕೆ ತನ್ನ ಊರಿನಲ್ಲಿಯೇ ಉಪಾಧ್ಯಾಯಿನಿಯಾಗಿ ಮಕ್ಕಳಿಗೆ ಪಾಠ ಹೇಳಿ, ಸೋದರಿಯ ಮಗಳನ್ನು ಸಾಕಿ, 1889ರಲ್ಲಿ ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಬಟ್ಟೆಯು ಕೇಳಿದ ಪ್ರಶ್ನೆಗೆ ಆ ದೀರ್ಘವಾದ ಬಾಳೇ ಉತ್ತರವಾಯಿತು.

ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಅಜ್ಜಿ ಮುತ್ತಜ್ಜಿಯರ ಕೈಹೊಲಿಗೆಗಳು ಇದ್ದಾವು. ಅವನ್ನು ಚಿಂದಿಯೆಂದು ಎಸೆಯುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.