ಕಮ್ಮಟದ ತಪ್ಪೂ ಕಾಲದ ಗಾಯವೂ

ಮುಂಬಯಿಗೆ ಬಂದು ನೆಲೆಸಿದ ನಮ್ಮವರ ಅನೇಕ ಮನೆಗಳಲ್ಲಿ, ಹಿರಿಯರು ಊರಿನಿಂದ ತಂದ ಹಳೆಯ ನಾಣ್ಯಗಳ ಪುಟ್ಟ ಗಂಟೊಂದು ಇನ್ನೂ ಉಳಿದಿರುವುದುಂಟು. ಅದರಲ್ಲಿ ಒಂದರ ಅಂಚು ಸೊಟ್ಟಗಿರುತ್ತದೆ. ಇನ್ನೊಂದರಲ್ಲಿ ಅಕ್ಷರಗಳು ಅರ್ಧವೇ ಕಾಣುತ್ತವೆ. ಟಂಕಸಾಲೆಯ ನಿಜವಾದ ತಪ್ಪಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಆದುದರಿಂದಲೇ ಸುತ್ತಿಗೆಯ ಏಟು ತಿಂದ ನಾಣ್ಯವನ್ನು ‘ತಪ್ಪು ನಾಣ್ಯ’ವೆಂದು ಮಾರುವವರೂ ಇದ್ದಾರೆ. ಇವೆರಡನ್ನೂ ಬೇರ್ಪಡಿಸುವುದು ಹೇಗೆ?

ಮೊದಲು ನಾಣ್ಯ ಹುಟ್ಟುವ ಬಗೆಯನ್ನು ತಿಳಿಯಬೇಕು. ಯಂತ್ರದ ಟಂಕಸಾಲೆಯಲ್ಲಿ ಲೋಹದ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದನ್ನೂ ಉಕ್ಕಿನ ಬಳೆಯೊಳಗಿಟ್ಟು, ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ನಿಜವಾದ ತಪ್ಪು ಈ ಹಂತಗಳಲ್ಲಿ ಯಾವುದಾದರೊಂದರಲ್ಲಿ ಆಗಿರಲೇಬೇಕು.

ಬಿಲ್ಲೆ ಪಕ್ಕಕ್ಕೆ ಸರಿದಿದ್ದರೆ ಒಂದು ಬದಿ ಬರಿದಾಗಿ ಉಳಿಯುತ್ತದೆ. ಮೂಡಿದ ಭಾಗ ಮಾತ್ರ ಸ್ಪಷ್ಟ, ತೂಕವೂ ಪೂರ್ಣ. ಅರದಿಂದ ಉಜ್ಜಿ ಬರಿದು ಮಾಡಿದ್ದರೆ ತೂಕ ಇಳಿದಿರುತ್ತದೆ, ಗೀರುಗಳು ಕಾಣುತ್ತವೆ. ಕತ್ತರಿಸುವಾಗ ಹಿಂದಿನ ತೂತಿನ ಮೇಲೆಯೇ ಉಳಿ ಬಿದ್ದರೆ ಬಿಲ್ಲೆಗೆ ಕಚ್ಚಿದಂತಹ ನುಣುಪಾದ ಕೊರೆ ಬೀಳುತ್ತದೆ. ಅದಕ್ಕೆ ನೇರ ಎದುರಿನ ಅಂಚೂ ಅನೇಕ ವೇಳೆ ಸಪ್ಪೆಯಾಗಿರುತ್ತದೆ. ಆಮೇಲೆ ಕತ್ತರಿಸಿದುದರಲ್ಲಿ ಎದುರಂಚು ಎಂದಿನಂತೆಯೇ ಇರುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡರೆ ಮುಂದಿನದರ ಒಂದು ಮುಖದಲ್ಲಿ ಚಿತ್ರ ತಗ್ಗಾಗಿಯೂ ತಿರುಗುಮುರುಗಾಗಿಯೂ ಮೂಡುತ್ತದೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಒತ್ತಿ ಇದನ್ನು ಅನುಕರಿಸುವವರುಂಟು. ಆಗ ಮೊದಲಿನ ಚಿತ್ರ ಜಜ್ಜಿಹೋಗಿ ಅಡಿಯಲ್ಲಿ ಉಳಿದಿರುತ್ತದೆ.

ಆದರೆ ಈ ಅಳತೆಗೋಲು ನಮ್ಮ ನಾಡಿನ ಹಳೆಯ ನಾಣ್ಯಗಳಿಗೆ ಸಲ್ಲದು. ರಿಜರ್ವ್ ಬ್ಯಾಂಕಿನೆದುರು ನಾವು ಹಾದುಹೋಗುವಾಗ ಕಾಣುವ ಮುಂಬಯಿಯ ಟಂಕಸಾಲೆ 1829ರಲ್ಲಿ ಪೂರ್ಣಗೊಂಡಿತು. ಅಲ್ಲಿ ಉಗಿಯಂತ್ರದ ಬಲವಿತ್ತು. ಕಂಠೀರವ ನರಸರಾಜ ಒಡೆಯರ ಅರ್ಧ ಗ್ರಾಮೂ ತೂಗದ ಚಿನ್ನದ ಹಣವನ್ನಾಗಲಿ, ಟಿಪ್ಪುವಿನ ಆನೆಯ ತಾಮ್ರದ ಪೈಸೆಯನ್ನಾಗಲಿ ಅಚ್ಚೊತ್ತಿದುದು ಕೈಯ ಸುತ್ತಿಗೆ. ಅಚ್ಚು ಅನೇಕ ವೇಳೆ ಬಿಲ್ಲೆಗಿಂತ ದೊಡ್ಡದು. ಆದ್ದರಿಂದ ಅಕ್ಷರ ಅಂಚಿನಾಚೆ ಹೋಗುವುದು, ಆನೆಯ ಸೊಂಡಿಲು ಕಡಿದುಹೋಗುವುದು ಅಲ್ಲಿ ವಾಡಿಕೆಯೇ ಹೊರತು ತಪ್ಪಲ್ಲ. ಮುಮ್ಮಡಿ ಕೃಷ್ಣರಾಜರ ‘ಮಯಿಲಿ ಕಾಸು’ಗಳಲ್ಲಿ ಕನ್ನಡ ಅಕ್ಷರಗಳು ಪೂರ್ಣವಾಗಿ ಕಾಣದಿದ್ದರೆ ಅವುಗಳನ್ನು ಕೆಟ್ಟ ನಾಣ್ಯವೆಂದು ಎಸೆಯಲೂ ಬಾರದು, ಅಪೂರ್ವ ತಪ್ಪೆಂದು ಹೆಚ್ಚು ಬೆಲೆಗೆ ಕೊಳ್ಳಲೂ ಬಾರದು.

ಇನ್ನು, ಗಾಯವೆಲ್ಲ ನಿಷ್ಪ್ರಯೋಜಕವೂ ಅಲ್ಲ. ಬೆಳ್ಳಿ ರೂಪಾಯಿಗಳ ಮೇಲಿನ ಸಣ್ಣ ಚುಚ್ಚುಗುರುತುಗಳು ಲೋಹವನ್ನು ಪರೀಕ್ಷಿಸಿದ ಸರಾಫರವು. ಕೊರಳ ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಗುರುತು ಒಬ್ಬ ಹೆಣ್ಣುಮಗಳ ಒಡವೆಯ ಕತೆಯನ್ನು ಹೇಳುತ್ತದೆ. ಇವು ಟಂಕಸಾಲೆಯ ಚರಿತ್ರೆಯಲ್ಲ. ಪೇಟೆಯ, ಮನೆಯ ಚರಿತ್ರೆ.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಹಬ್ಬದ ಹಿತ್ತಾಳೆ ಪಾತ್ರೆಗಳೊಂದಿಗೆ ಹಳೆಯ ನಾಣ್ಯಗಳನ್ನು ಹುಣಸೆಹಣ್ಣಿನಿಂದ ತಿಕ್ಕದಿರಿ, ತಪ್ಪನ್ನೂ ಗಾಯವನ್ನೂ ಬೇರ್ಪಡಿಸುವ ಸಾಕ್ಷ್ಯವೇ ಅದರೊಡನೆ ಅಳಿಸಿಹೋದೀತು. ಭೂತಗನ್ನಡಿಯಲ್ಲಿ ಅಂಚನ್ನು ನೋಡಿ, ತೂಗಿ, ಪ್ರತಿಯೊಂದನ್ನೂ ಒಂದೊಂದು ಕಾಗದದಲ್ಲಿ ಸುತ್ತಿಡಿ. ಅದು ಯಾವ ಊರಿನಿಂದ, ಯಾರ ಕೈಯಿಂದ ಬಂದಿತೆಂಬುದನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ, ಆ ಕಾಗದದ ಮೇಲೆ ಕನ್ನಡದಲ್ಲಿ ಬರೆದಿಡಿ.