ನರ ಕಳೆದುಕೊಂಡ ಕಣ್ಣಿನ ಸ್ನಾಯು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಮುನಿರಾಬಾದಿನಿಂದ ಗಂಗಾವತಿಯತ್ತ ಕಾಲುವೆ ಹರಿಯಿತು, ಬತ್ತದ ಗದ್ದೆಗಳಾದವು. ಗದ್ದೆಯಿದ್ದಲ್ಲಿ ಇಲಿ, ಕಪ್ಪೆ; ಅವುಗಳ ಬೆನ್ನಿಗೆ ಹಾವು.

ಕಟ್ಟುಹಾವು, ಅಂದರೆ ಕ್ರೈಟ್, ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೂ ಹೆಚ್ಚು ನೋವಾಗಲಿ ಬಾವಾಗಲಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಮನೆಯವರು ನಿದ್ದೆಗಣ್ಣೆಂದು ತಿಳಿಯಬಹುದು. ವಾಸ್ತವವಾಗಿ ಸ್ನಾಯುವಿಗೂ ನರಕ್ಕೂ ಸಂಬಂಧ ಕಡಿಯುತ್ತಿರುತ್ತದೆ.

ನರ ಹೋದರೆ ಏನಾಗುತ್ತದೆ? 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರವನ್ನು ಕತ್ತರಿಸಿ, ಕತ್ತರಿಸಿದಲ್ಲಿಂದ ಮುಂದಿನ ಭಾಗ ನಶಿಸುವುದನ್ನು ತೋರಿಸಿದರು. ಹಾಗಾದರೆ ಸ್ನಾಯುವಿನ ಗತಿಯೇನು? ಆರೋಗ್ಯವಂತ ಸ್ನಾಯುವಿನ ಎಳೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ನರ ಮುಟ್ಟುವ ಜಾಗದಲ್ಲಿ ಮಾತ್ರ ಓಗೊಡುತ್ತದೆ. ನರ ಕಳೆದುಕೊಂಡ ಎಳೆ ತನ್ನ ಉದ್ದಕ್ಕೂ ಓಗೊಡುತ್ತದೆಂದು 1959ರಲ್ಲಿ ಸ್ವೀಡನ್ನಿನ ಆಕ್ಸೆಲ್‌ಸನ್ ಮತ್ತು ಥೆಸ್ಲೆಫ್ ವಿವರವಾಗಿ ತೋರಿಸಿದರು. ಒಂದು ಬಾಗಿಲಿದ್ದ ಮನೆ, ಬರುವವರಿಗಾಗಿ ಸುತ್ತಲೂ ಬಾಗಿಲು ತೆರೆದಂತೆ! ಎಳೆ ಸೊರಗುತ್ತದೆ ನಿಜ, ಆದರೆ ಕಾಯುತ್ತದೆ.

ಈ ಬಾಗಿಲುಗಳನ್ನು ಎಣಿಸಲು ನೆರವಾದದ್ದೂ ಕ್ರೈಟ್ ವಿಷವೇ. 1963ರಲ್ಲಿ ತೈವಾನಿನ ಸಿ. ಸಿ. ಚಾಂಗ್ ಮತ್ತು ಸಿ. ವೈ. ಲೀ ಅಲ್ಲಿನ ಕ್ರೈಟ್ ವಿಷದ ಘಟಕಗಳನ್ನು ಬೇರ್ಪಡಿಸಿದರು. ಒಂದು ಘಟಕ ಸ್ನಾಯುವಿನ ಬಾಗಿಲಿಗೆ ಬೀಗ ಹಾಕುತ್ತದೆ. ಇನ್ನೊಂದು ನರದ ತುದಿಯನ್ನೇ ಕೆಡಿಸುತ್ತದೆ.

ಕಣ್ಣಿನ ಸ್ನಾಯುಗಳ ರೀತಿ ಇನ್ನೂ ವಿಶೇಷ. ಕೈಕಾಲಿನ ಎಳೆಗೆ ಸಾಮಾನ್ಯವಾಗಿ ನರ ಒಂದೇ ಕಡೆ ಸೇರುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುಗಳ ಕೆಲವು ಎಳೆಗಳಿಗೆ ಹಲವು ಕಡೆ. ಆದ್ದರಿಂದ ನರ ತಪ್ಪಿದಾಗ ಎಲ್ಲ ಎಳೆಗಳೂ ಒಂದೇ ಬಗೆಯಲ್ಲಿ ಬದಲಾಗುವುದಿಲ್ಲ. 1980ರಲ್ಲಿ ಅಮೆರಿಕದ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಬೊಟುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿದ ವರದಿ ಪ್ರಕಟಿಸಿದರು. ಅದು ಸ್ನಾಯುವನ್ನು ಕೆಲವು ತಿಂಗಳ ಮಟ್ಟಿಗೆ ದುರ್ಬಲಗೊಳಿಸುತ್ತದೆ. ಬಳಿಕ ನರ ಮತ್ತೆ ಸಂಪರ್ಕ ಬೆಳೆಸಿಕೊಳ್ಳುತ್ತದೆ.

ಈಗ ಹಾವಿನ ಮಾತಿಗೆ ಮರಳೋಣ. ಕೆಟ್ಟುಹೋದ ನರದ ತುದಿಯನ್ನು ಪ್ರತಿವಿಷ ಸರಿಪಡಿಸಲಾರದು. ಇನ್ನಷ್ಟು ಕೆಡದಂತೆ ತಡೆಯಬಲ್ಲದು, ಅದೂ ಬೇಗ ಕೊಟ್ಟರೆ. ಉಸಿರಾಟದ ಸ್ನಾಯುಗಳೂ ಸೋತಾಗ ಕೃತಕ ಉಸಿರಾಟದ ಯಂತ್ರವೇ ಜೀವ ಹಿಡಿದಿಡಬೇಕು. ನರ ಮತ್ತೆ ಚಿಗುರುತ್ತದೆ, ಸ್ನಾಯು ಅದಕ್ಕಾಗಿ ಕಾಯುತ್ತದೆ. ಉಸಿರು ಮಾತ್ರ ಕಾಯದು. ಆದ್ದರಿಂದ ನೆಲದ ಮೇಲೆ ಮಲಗಿ ಎದ್ದವರ ರೆಪ್ಪೆ ಜೋತುಬಿದ್ದರೆ ಮಂತ್ರ, ನಾಟಿ ಔಷಧ ಎನ್ನುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.