ಉಪದೇಶಪೀಠದಿಂದ ಬಾಗುವ ಕೊರಳಿನ ಮೈಕಿನವರೆಗೆ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಪುಣ್ಯಕಾಲದಲ್ಲಿ, ಭಕ್ತಾದಿಗಳ ಕಾಣಿಕೆಯಿಂದ ವಾಚನಪೀಠಕ್ಕೊಂದು ಹೊಸ ಮೈಕನ್ನು ಕೊಳ್ಳಬೇಕೆಂಬ ಸಲಹೆ ಬಂದಿದೆ. ಶತಮಾನೋತ್ಸವದ ಸಂಭ್ರಮದ ನಡುವೆ ಇದೊಂದು ಅಲ್ಪ ಸಂಗತಿಯೆಂದು ಕೆಲವರಿಗೆ ತೋರಬಹುದು. ಆದರೆ ಈ ಪುಟ್ಟ ಉಪಕರಣದ ಹಿಂದೆ ಧರ್ಮಸಭೆಯ ದೀರ್ಘ ಚರಿತ್ರೆಯೊಂದಿದೆ. ದೇವರ ವಾಕ್ಯವು ಬಾಗಿಲ ಬಳಿ ನಿಂತವನ ಕಿವಿಗೂ ಸ್ಪಷ್ಟವಾಗಿ ತಲುಪಬೇಕೆಂಬ ಹಂಬಲದ ಚರಿತ್ರೆ ಅದು. ಅದನ್ನು ಅರಿತು ಆರಿಸಿದರೆ ನಮ್ಮ ಕಾಣಿಕೆ ಸಾರ್ಥಕವಾಗುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಎತ್ತರದ ಪೀಠ

ಸೆರೆಯಿಂದ ಮರಳಿದ ಇಸ್ರಯೇಲರಿಗೆ ಎಜ್ರನು ಧರ್ಮಶಾಸ್ತ್ರವನ್ನು ಓದಿದ ಪ್ರಸಂಗವು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿದೆ. ಅದಕ್ಕೆಂದೇ ಮರದ ಪೀಠವೊಂದನ್ನು ಕಟ್ಟಿದ್ದರು. ಗಂಡಸರು, ಹೆಂಗಸರು, ಕೇಳಿ ಗ್ರಹಿಸಬಲ್ಲವರೆಲ್ಲರೂ ಮುಂಜಾನೆಯಿಂದ ನಡುಹಗಲಿನವರೆಗೆ ಕಿವಿಗೊಟ್ಟರು. ಓದಿದ್ದು ಜನರಿಗೆ ತಿಳಿಯುವಂತೆ ಲೇವಿಯರು ಅದರ ಅರ್ಥವನ್ನು ವಿವರಿಸಿದರು. ಓದುವವನು ಎಲ್ಲರಿಗೂ ಕಾಣಬೇಕು, ಕೇಳಿಸಬೇಕು, ಓದಿದ್ದು ಅರ್ಥವಾಗಬೇಕು ಎಂಬ ಮೂರು ಅಗತ್ಯಗಳೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ನಮ್ಮ ವಾಚನಪೀಠಗಳ ಮೂಲವನ್ನು ಇಲ್ಲಿಯೇ ಗುರುತಿಸಬಹುದು.

ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾದ ಸಂತ ಜಾನ್ ಕ್ರಿಸೊಸ್ತೊಮ್‌ರವರ ವಾಗ್ವೈಭವವು ಲೋಕಪ್ರಸಿದ್ಧವಾದುದು. ಕ್ರಿಸೊಸ್ತೊಮ್ ಎಂದರೆ ಹೊನ್ನಿನ ಬಾಯುಳ್ಳವನು ಎಂದೇ ಅರ್ಥ. ಅಂಥವರೂ ಜನರಿಗೆ ಚೆನ್ನಾಗಿ ಕೇಳಿಸಲೆಂದು ವಾಚನಪೀಠದಲ್ಲಿ ಕುಳಿತು ಉಪದೇಶಿಸುತ್ತಿದ್ದರೆಂದು ಚರಿತ್ರಕಾರ ಸಾಕ್ರಟೀಸ್ ದಾಖಲಿಸಿದ್ದಾನೆ. ಮುಂದೆ ಯೂರೋಪಿನ ದೇವಾಲಯಗಳಲ್ಲಿ ಜನರ ನಡುವೆಯೇ ಎತ್ತರದ ಉಪದೇಶಪೀಠಗಳು ಎದ್ದವು. ಅವುಗಳ ಮೇಲಿನ ಮರದ ಛತ್ರಿ ಅಲಂಕಾರಕ್ಕಷ್ಟೇ ಇದ್ದುದಲ್ಲ. ಮೇಲಕ್ಕೇರಿ ಕಳೆದುಹೋಗುವ ಧ್ವನಿಯನ್ನು ಅದು ಜನರತ್ತ ತಿರುಗಿಸುತ್ತಿತ್ತು.

ಕಲ್ಲಿನ ಕಟ್ಟಡ ಮತ್ತು ಧ್ವನಿ

ಕಟ್ಟಡಕ್ಕೂ ಧ್ವನಿಗೂ ಇರುವ ನಂಟನ್ನು ತಿಳಿಯಲು ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ನಮ್ಮ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಅದರ ಕಂಬಗಳು ಮುಖ ಕಾಣುವಷ್ಟು ನುಣುಪು. ಅಂತಹ ಶಿಲೆ ಬೆಳಕನ್ನು ಹಿಂದಿರುಗಿಸುವಂತೆಯೇ ಧ್ವನಿಯನ್ನೂ ಹಿಂದಿರುಗಿಸುತ್ತದೆ. ಸುಣ್ಣದ ಗಾರೆಯ ಗೋಡೆ, ನುಣುಪಾದ ನೆಲ, ಎತ್ತರದ ಚಾವಣಿ ಇರುವ ದೇವಾಲಯದಲ್ಲಿಯೂ ಹೀಗೆಯೇ ಆಗುತ್ತದೆ. ಒಂದು ಅಕ್ಷರದ ಮರುದನಿ ಅಡಗುವ ಮೊದಲೇ ಇನ್ನೊಂದು ಅಕ್ಷರ ಅದರ ಮೇಲೆ ಬೀಳುತ್ತದೆ. ಹಾಡಿಗೆ ಇದು ಮೆರುಗು ಕೊಟ್ಟರೆ ಮಾತಿಗೆ ತೊಡಕಾಗುತ್ತದೆ.

ಈ ವಿಷಯವನ್ನು ಲೆಕ್ಕಕ್ಕೆ ಒಳಪಡಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. 1895ರಿಂದ ಅವರು ಮಾತು ಕೇಳಿಸದ ಉಪನ್ಯಾಸ ಮಂದಿರವೊಂದಕ್ಕೆ ರಾತ್ರಿಯ ವೇಳೆ ಆಸನಗಳ ಮೆತ್ತೆಗಳನ್ನು ಹೊತ್ತು ತಂದಿರಿಸಿ, ಮರುದನಿ ಎಷ್ಟು ತಗ್ಗುತ್ತದೆಂದು ಅಳೆದರು. ಮೆತ್ತೆಗಳಂತೆ ಕುಳಿತಿರುವ ಜನರೂ ಧ್ವನಿಯನ್ನು ಹೀರುತ್ತಾರೆಂಬುದು ಅವರ ಅಳತೆಯಿಂದ ತಿಳಿದುಬಂದಿತು. ಆದುದರಿಂದ ಮೈಕನ್ನು ಖಾಲಿ ದೇವಾಲಯದಲ್ಲಿ ಪರೀಕ್ಷಿಸಿದರೆ ಸಾಲದು. ತುಂಬಿದ ಭಾನುವಾರದಂದೂ ಪರೀಕ್ಷಿಸಬೇಕು.

ಧ್ವನಿವರ್ಧಕದ ಆಗಮನ

ಕ್ಷೀಣ ಧ್ವನಿಯನ್ನು ಹಿಡಿಯುವ ಉಪಕರಣಕ್ಕೆ ಡೇವಿಡ್ ಹ್ಯೂಸ್‌ರವರು ಮೈಕ್ರೊಫೋನ್ ಎಂಬ ಹೆಸರನ್ನು ಬಳಸಿದ್ದು 1878ರಲ್ಲಿ. 1915ರ ಕ್ರಿಸ್ಮಸ್ ಹಿಂದಿನ ದಿನ ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಧ್ವನಿವರ್ಧಕದ ಮೂಲಕ ದೊಡ್ಡ ಜನಸಮೂಹಕ್ಕೆ ಸಂಗೀತವನ್ನೂ ಮಾತನ್ನೂ ಕೇಳಿಸಿದರು. 1931ರ ಫೆಬ್ರವರಿ 12ರಂದು ಮಾರ್ಕೋನಿಯವರು ನಿರ್ಮಿಸಿಕೊಟ್ಟ ವ್ಯಾಟಿಕನ್ ಆಕಾಶವಾಣಿಯಿಂದ ಹನ್ನೊಂದನೆಯ ಭಕ್ತಿನಾಥ ಪೋಪ್ ಪಿಯುಸ್‌ರವರು ಲೋಕವನ್ನುದ್ದೇಶಿಸಿ ಲತೀನ್ ಭಾಷೆಯಲ್ಲಿ ಮಾತನಾಡಿದರು. ಭಾರತದಲ್ಲಿ ಅಹುಜ ಸಂಸ್ಥೆ 1940ರಲ್ಲಿ ಆರಂಭವಾಯಿತು. ಜಾತ್ರೆ, ಮದುವೆ, ಸಭೆಗಳಲ್ಲಿ ಆ ಹೆಸರನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ.

ಆದರೂ ಆಗಿನ ಬಲಿಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಮುಖ್ಯ ಪ್ರಾರ್ಥನೆಗಳನ್ನು ಗುರುಗಳು ತಗ್ಗಿದ ದನಿಯಲ್ಲಿಯೇ ಹೇಳುತ್ತಿದ್ದರು. ಜನರಿಗೆ ಕೇಳಿಸಲೇಬೇಕಾದುದು ಉಪದೇಶ ಮಾತ್ರವಾಗಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಹೊರಬಂದ ದೈವಾರಾಧನೆಯ ಶಾಸನವು ಭಕ್ತಾದಿಗಳ ಪೂರ್ಣ ಹಾಗೂ ಸಕ್ರಿಯ ಭಾಗವಹಿಕೆಯನ್ನು ಬಯಸಿತು. ಜನರ ಭಾಷೆ ಬಲಿಪೀಠವನ್ನೇರಿತು. ಕನ್ನಡದಲ್ಲಿ ಓದಿದ ಮೇಲೆ ಅದು ಕೇಳಿಸದಿದ್ದರೆ ಭಾಷಾಂತರ ಮಾಡಿದ ಪ್ರಯೋಜನವೇನು? ವಾಚನಪೀಠ ಸ್ಥಿರವಾಗಿರಬೇಕು, ಅಲ್ಲಿ ನಿಂತವರು ಎಲ್ಲರಿಗೂ ಕಾಣಬೇಕು, ಕೇಳಿಸಬೇಕು ಎಂಬುದು ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ. ಅದಕ್ಕಾಗಿ ಆಧುನಿಕ ಸಾಧನಗಳ ನೆರವನ್ನೂ ಅದು ಸ್ವಾಗತಿಸುತ್ತದೆ.

1972ರಲ್ಲಿ ಪೋಪ್ ಆರನೆಯ ಪೌಲರು ವಾಚಕ ಸೇವೆಯನ್ನು ಶ್ರೀಸಾಮಾನ್ಯ ಪುರುಷರಿಗೂ ಒಪ್ಪಿಸಬಹುದೆಂದರು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್‌ರವರು ಆ ಸೇವೆಗೆ ಅಧಿಕೃತವಾಗಿ ನೇಮಕಗೊಳ್ಳುವ ಅವಕಾಶವನ್ನು ಸ್ತ್ರೀಯರಿಗೂ ತೆರೆದರು. ಹೀಗೆ ಒಬ್ಬರೇ ಗುರುಗಳು ನಿಲ್ಲುತ್ತಿದ್ದ ಎಡೆಯಲ್ಲಿ ಇಂದು ಶಾಲೆಯ ಬಾಲಕಿ, ಎತ್ತರದ ಯುವಕ, ಬೆನ್ನು ಬಾಗಿದ ಅಜ್ಜಿ ಒಬ್ಬರಾದ ಮೇಲೊಬ್ಬರು ನಿಲ್ಲುತ್ತಾರೆ. ಬೇಕಾದತ್ತ ಬಾಗುವ ಕೊರಳಿನ ಮೈಕಿನ ಅಗತ್ಯ ಇಲ್ಲಿಯೇ ಇದೆ.

ಆಯ್ಕೆಯ ವಿವೇಕ

ಈ ಬಗೆಯ ಮೈಕನ್ನು ಅಂಗಡಿಯವರು ಗೂಸ್‌ನೆಕ್ ಎನ್ನುತ್ತಾರೆ; ಎಂದರೆ ಹೆಬ್ಬಾತಿನ ಕೊರಳು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಗಳಲ್ಲಿ ಸಾಲುಗಟ್ಟಿದ ಹಂಸಗಳನ್ನು ಕಂಡವರಿಗೆ ಈ ಹೆಸರು ವಿಚಿತ್ರವೆನಿಸದು. ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದು ಕೊರಳಿನ ಉದ್ದ. ಬಾಯಿಗೂ ಮೈಕಿಗೂ ನಡುವಣ ದೂರ ಇಮ್ಮಡಿಯಾದರೆ ಮೈಕನ್ನು ಮುಟ್ಟುವ ನೇರ ಧ್ವನಿ 6 ಡೆಸಿಬೆಲ್ ಕುಗ್ಗುತ್ತದೆ. ಮರುದನಿ ಮಾತ್ರ ಹಾಗೆಯೇ ಉಳಿಯುತ್ತದೆ. ಆದುದರಿಂದ ಓದುವವರಿಂದ ಒಂದು ಗೇಣಿನಷ್ಟು ದೂರಕ್ಕೆ ಮೈಕು ಬರಬೇಕು. ಹಾಗೆಂದು ಗ್ರಂಥದ ಪುಟಕ್ಕೂ ಓದುವವರ ಮುಖಕ್ಕೂ ಅದು ಮರೆಯಾಗಬಾರದು.

ಎರಡನೆಯದು ಅದು ಕಿವಿಗೊಡುವ ದಿಕ್ಕು. ಕಾರ್ಡಿಯಾಯ್ಡ್ ಎಂಬ ಬಗೆಯದು ಮುಂದಿನ ಧ್ವನಿಯನ್ನು ಚೆನ್ನಾಗಿ ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಕಿರಿದು. ವಾಚಕರು ತುಸು ಅತ್ತಿತ್ತ ಸರಿದರೂ ದನಿ ತಗ್ಗುವುದರಿಂದ ಅದಕ್ಕೆ ಅಭ್ಯಾಸ ಬೇಕು. ಹೊಸಬರು ಹೆಚ್ಚಾಗಿ ಓದುವ ನಮ್ಮಂಥ ಕಡೆಗೆ ಕಾರ್ಡಿಯಾಯ್ಡ್ ಹೆಚ್ಚು ಅನುಕೂಲ.

ಮೂರನೆಯದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಕನ್ನಡದಲ್ಲಿ ಪಕಾರ, ಭಕಾರಗಳನ್ನು ಉಚ್ಚರಿಸುವಾಗ ಉಸಿರು ರಭಸದಿಂದ ಹೊರಬರುತ್ತದೆ. ನಾವು ಪದೇ ಪದೇ ಉಚ್ಚರಿಸುವ ‘ಪ್ರಭು’ ಎಂಬ ಪವಿತ್ರ ಪದದಲ್ಲಿ ಎರಡೂ ಇವೆ. ಮೈಕಿಗೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಆ ಪದವೇ ಗುಡುಗಿನಂತೆ ಬಡಿಯುತ್ತದೆ. ಬಾಯಿಯ ನೇರಕ್ಕೆ ಇಡದೆ ಕೊಂಚ ಕೆಳಗೋ ಪಕ್ಕಕ್ಕೋ ಇಡುವುದು ಲೇಸು.

ನಾಲ್ಕನೆಯದು ವಿದ್ಯುತ್ತು. ಇಂತಹ ಮೈಕುಗಳಲ್ಲಿ ಬಹುಪಾಲು 1962ರಲ್ಲಿ ಸೆಸ್ಲರ್ ಮತ್ತು ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಬಗೆಯವು. ಅವುಗಳಿಗೆ ಬ್ಯಾಟರಿಯಿಂದಲೋ ಆಂಪ್ಲಿಫೈಯರಿನಿಂದ ತಂತಿಯ ಮೂಲಕವೋ ವಿದ್ಯುತ್ ಬರಬೇಕು. ನಮ್ಮ ಆಂಪ್ಲಿಫೈಯರು 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಕೊಡುತ್ತದೆಯೇ ಎಂದು ಮೊದಲು ನೋಡಿಕೊಂಡೇ ಮೈಕನ್ನು ಕೊಳ್ಳಬೇಕು. ತಂತಿ ಉದ್ದವಾಗಿದ್ದಲ್ಲಿ ಮೂರು ಪಿನ್ನಿನ ಜೋಡಣೆಯೇ ಗೊರಗುಟ್ಟುವಿಕೆಯನ್ನು ತಡೆಯುತ್ತದೆ.

ಮೈಕು ಸಿಳ್ಳೆ ಹೊಡೆಯುವುದು ಸ್ಪೀಕರಿನ ಧ್ವನಿ ಮತ್ತೆ ಮೈಕನ್ನು ಹೊಕ್ಕಾಗ. ಸ್ಪೀಕರುಗಳು ವಾಚನಪೀಠಕ್ಕಿಂತ ಮುಂದೆ, ಜನರ ಕಡೆಗೆ ಮುಖಮಾಡಿ ಇರಬೇಕು. ಬಳಸದ ಮೈಕುಗಳನ್ನು ಮುಚ್ಚಬೇಕು.

ಸದ್ದೇ ಸ್ಪಷ್ಟತೆಯಲ್ಲ

ಪ್ರಿಯ ಭಕ್ತಾದಿಗಳೇ, ಇದೇ ಹಣದಿಂದ ಗೋಪುರದ ಮೇಲೆ ಇನ್ನೆರಡು ಕಹಳೆ ಸ್ಪೀಕರುಗಳನ್ನು ಹಾಕಿಸೋಣವೆಂಬ ಮಾತೂ ನಮ್ಮ ಕಿವಿಗೆ ಬಿದ್ದಿದೆ. ಆ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಆದರೆ 2000ದ ಆಗಸ್ಟ್ 30ರಂದು ಮದರಾಸಿನ ಕ್ರೈಸ್ತ ಪ್ರಾರ್ಥನಾ ಮಂದಿರವೊಂದರ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ನೆರೆಯವರ ನೆಮ್ಮದಿ ಕೆಡಿಸಿ ಧ್ವನಿವರ್ಧಕದಲ್ಲಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳು ಧ್ವನಿವರ್ಧಕಕ್ಕೆ ಅನುಮತಿಯನ್ನೂ ರಾತ್ರಿಯ ನಿರ್ಬಂಧವನ್ನೂ ವಿಧಿಸಿವೆ. ಕಾನೂನಿನ ಮಾತು ಹಾಗಿರಲಿ. ಊರ ಹೊರಗಿನ ಹೊಲದವರೆಗೆ ನಮ್ಮ ಸದ್ದು ಹೋಗಿ, ಒಳಗೆ ಕೊನೆಯ ಬೆಂಚಿನಲ್ಲಿ ಕುಳಿತ ವೃದ್ಧರಿಗೆ ಶುಭಸಂದೇಶದ ಒಂದು ವಾಕ್ಯವೂ ತಿಳಿಯದೆ ಹೋದರೆ ನಾವು ಸಾರಿದ್ದೇನು?

ಆದುದರಿಂದ ನಮ್ಮ ವಿನಂತಿ ಇಷ್ಟು. ಕೊಳ್ಳುವ ಮುನ್ನ ಎರಡು ಮೂರು ಮೈಕುಗಳನ್ನು ತರಿಸಿ ಭಾನುವಾರದ ಪೂಜೆಯಲ್ಲಿಯೇ ಪರೀಕ್ಷಿಸೋಣ. ಓದುವವರು ಬಾಲಕಿಯೂ ವೃದ್ಧರೂ ಆಗಿರಲಿ. ತೀರ್ಪು ಕೊಡುವವರು ಮುಂದಿನ ಸಾಲಿನ ಗಣ್ಯರಾಗದೆ, ಬಾಗಿಲ ಬಳಿ ಕೂರುವ ಕಿವಿ ಮಂದವಾದ ಹಿರಿಯರಾಗಲಿ. ವಾಚಕರು ಹಿಂದಿನ ದಿನವೇ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡು ಬರಲಿ. ಸಿದ್ಧತೆಯಿಲ್ಲದ ಓದನ್ನು ಎಂತಹ ಮೈಕೂ ತಿದ್ದಲಾರದು. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆಂದು ಸಂತ ಪೌಲರು ರೋಮನರಿಗೆ ತಿಳಿಸಿದರು. ನೂರು ವರ್ಷಗಳ ಕಾಲ ನಮ್ಮ ಹಿರಿಯರು ಈ ದೇವಾಲಯಕ್ಕೆ ಬಂದುದು ಆ ಕೇಳುವಿಕೆಗಾಗಿ. ಅದು ನಮ್ಮ ಮಕ್ಕಳಿಗೂ ದೊರೆಯುವಂತೆ ಪ್ರಭು ಯೇಸುಕ್ರಿಸ್ತರು ನಮ್ಮೆಲ್ಲರನ್ನೂ ಹರಸಲಿ.